ಕಣ್ಣು ನಿಲ್ಲದ ಗೋಡೆ

ಗದಗ-ಬೆಟಗೇರಿಯ ಗೋಡೆಗಳಿಗೆ ಸೌಮ್ಯಲೇಪ ಬಳಿದು ಆರು ವರ್ಷವಾಯಿತು. ಬಳಿದ ಮೊದಲ ವಾರ ಜನ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿದರು. ಕೆಲವರು ಉಗುರಿನಿಂದ ಕೆರೆದರು. ಒಬ್ಬ ಮುದುಕ ನಾಲಿಗೆ ತಾಗಿಸಿ ನೋಡಿ, ಏನೂ ರುಚಿಯಿಲ್ಲ ಎಂದು ಹೇಳಿ ಹೋದ. ಆಮೇಲೆ ಎಲ್ಲರೂ ಮರೆತರು. ನಾನು ಮಾತ್ರ ಮರೆಯುವಂತಿರಲಿಲ್ಲ, ಆ ಗೋಡೆಗಳನ್ನು ನೋಡಿಕೊಳ್ಳುವ ಕೊಠಡಿಯಲ್ಲೇ ನನ್ನ ಕೆಲಸ. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆ, ಭಾನುವಾರ ರಜೆ.

ನಮ್ಮ ಊರಲ್ಲಿ ಪೋಸ್ಟರ್ ಹಚ್ಚಲು ಯಾರ ಅಪ್ಪಣೆಯೂ ಬೇಡ. ಸರ್ಕಾರವನ್ನು ಬೈದು ಹಚ್ಚಿ, ಮಂತ್ರಿಯ ತಲೆಗೆ ಕೊಂಬು ಬರೆದು ಹಚ್ಚಿ, ಯಾರೂ ಹರಿಯುವುದಿಲ್ಲ, ಯಾರೂ ನಿಮ್ಮನ್ನು ಹಿಡಿದು ಒಯ್ಯುವುದಿಲ್ಲ. ಹಿಂದೆ ಹರಿಯುತ್ತಿದ್ದರು. ಹರಿದ ಪೋಸ್ಟರಿನ ಮುಂದೆ ಜನ ಇನ್ನೂ ಹೆಚ್ಚು ಗುಂಪುಗೂಡುತ್ತಿದ್ದರು. ಈಗ ಅಂಥ ದಡ್ಡತನ ಯಾರೂ ಮಾಡುವುದಿಲ್ಲ.

ಲೇಪದ ಕೆಲಸ ಸರಳ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿವೆ. ಪೋಸ್ಟರಿನ ಹಿಂದಿನ ಅಂಟು ಇನ್ನೂ ಹಸಿಯಾಗಿರುವಾಗ ಅವು ನೀರಿನ ಜೊತೆ ಕಾಗದದೊಳಗೆ ಏರುತ್ತವೆ, ಬತ್ತಿಗೆ ಎಣ್ಣೆ ಏರಿದ ಹಾಗೆ. ಒಂದು ತಾಸಿನಲ್ಲಿ ಮುಂದಿನ ಮೈಗೆ ಬಂದು ಕೂತಿರುತ್ತವೆ. ಗೋಡೆಯೊಳಗಿನ ತಂತಿಗೆ ಚೂರು ವಿದ್ಯುತ್ ಹರಿಸಿದರೆ ಒಂದೊಂದು ಕಣವೂ ಬಣ್ಣ ಹೊರಳಿಸುತ್ತದೆ. ಕೆಂಪಿನ ಮೇಲೆ ಒಂದಿಷ್ಟು ಬೂದಿ, ಕಪ್ಪಿನ ಮೇಲೆ ಒಂದಿಷ್ಟು ಬಿಳಿ. ಪೋಸ್ಟರ್ ಇದ್ದ ಹಾಗೇ ಇರುತ್ತದೆ. ಅಕ್ಷರ ಓದಬಹುದು, ಚಿತ್ರ ಗುರುತಿಸಬಹುದು. ಆದರೆ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ಗೋಡೆಯ ನೆತ್ತಿಯ ಮೇಲೆ ಒಂದು ಕ್ಯಾಮೆರಾ ಪಟ್ಟಿ ಇದೆ. ಎಷ್ಟು ಜನರ ಕಣ್ಣು, ಎಲ್ಲಿ, ಎಷ್ಟು ಹೊತ್ತು ನಿಂತಿತು ಎಂದು ಅದು ಲೆಕ್ಕ ಇಡುತ್ತದೆ. ಕಣ್ಣು ಹೆಚ್ಚು ನಿಂತ ಕಡೆ ಬಣ್ಣ ಇನ್ನಷ್ಟು ಇಳಿಯುತ್ತದೆ. ರಸ್ತೆ ಅಪಘಾತ ಕಡಿಮೆ ಮಾಡಲು ಎಂದು ಇದನ್ನು ತಂದರು. ಅಪಘಾತ ಕಡಿಮೆಯಾದದ್ದೂ ಸುಳ್ಳಲ್ಲ.

ಯಾವ ಕೆಂಪು ಕರೆಯುತ್ತದೆ, ಯಾವ ಕೆಂಪು ಸುಮ್ಮನೆ ಕೂರುತ್ತದೆ ಎಂದು ಆ ಯಂತ್ರಕ್ಕೆ ಕಲಿಸಿದವಳು ನಾನು. ಅದಕ್ಕೆ ಮೊದಲು ಹನ್ನೊಂದು ವರ್ಷ ಮಾಬೂಸಾಬರ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿದ್ದೆ. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಬಣ್ಣ ಸುರಿದು ರಬ್ಬರ್ ಪಟ್ಟಿಯಿಂದ ಎಳೆಯುವ ಕೆಲಸ. ನೂಲಿನ ಬೆಲೆ ಏರಿದಾಗ ನೇಕಾರರ ಪೋಸ್ಟರ್, ನೀರು ಬಾರದಿದ್ದಾಗ ಹೆಂಗಸರ ಕೊಡದ ಪೋಸ್ಟರ್, ಬಸ್ಸಿನವರ ಮುಷ್ಕರದ ಪೋಸ್ಟರ್, ಎಲ್ಲ ನಮ್ಮ ಅಂಗಡಿಯಲ್ಲೇ ಹುಟ್ಟಿದವು. ಸೈಕಲ್ ಮೇಲೆ ಹೋಗುವವನು ಒಂದು ಸಲ ಪೆಡಲ್ ತುಳಿದು ಇನ್ನೊಂದು ಸಲ ತುಳಿಯುವುದರೊಳಗೆ ಪೋಸ್ಟರ್ ಅವನನ್ನು ಹಿಡಿಯಬೇಕು ಎಂದು ಮಾಬೂಸಾಬರು ಹೇಳುತ್ತಿದ್ದರು. ಲೇಪ ಬಂದ ಮೇಲೆ ಪೋಸ್ಟರ್ ಮಾಡಿಸುವವರೇ ಇಲ್ಲವಾದರು. ಬಣ್ಣ ತಿಳಿದವರು ಬೇಕು ಎಂದು ಜಾಹೀರಾತು ಬಂತು. ನಾನು ಹೋದೆ. ಹೊಟ್ಟೆಪಾಡು ಎನ್ನುವುದು ಬಿಟ್ಟರೆ ನನ್ನಲ್ಲಿ ಬೇರೆ ಸಬೂಬು ಇಲ್ಲ.

ಕೊಠಡಿಯಲ್ಲಿ ಒಂದು ನಿಯಮವಿದೆ. ಪೋಸ್ಟರಿನಲ್ಲಿ ಏನಿದೆ ಎಂದು ನಾವು ನೋಡಕೂಡದು. ನಮ್ಮ ಪರದೆಯ ಮೇಲೆ ಬರುವುದು ಬರೀ ಬಣ್ಣದ ತೇಪೆಗಳು, ಅವುಗಳ ಮೇಲೆ ಯಾವ ಜಾಗ ಎಷ್ಟು ಕಣ್ಣು ಸೆಳೆಯುತ್ತಿದೆ ಎಂಬ ಗುರುತು. ವಿಷಯ ನೋಡಿ ಅಡಗಿಸಿದರು ಎಂದು ನಾಳೆ ಯಾರೂ ಕೋರ್ಟಿಗೆ ಹೋಗಬಾರದಲ್ಲ. ದೂರಿನ ಹೆಸರು ಮತ್ತು ಗೋಡೆಯ ಸಂಖ್ಯೆ, ಇಷ್ಟೇ ನಮಗೆ ಗೊತ್ತು. ಮೊದಮೊದಲು ಕುತೂಹಲ ಇತ್ತು. ಒಂದು ವರ್ಷದಲ್ಲಿ ಅದೂ ಹೋಯಿತು.

ಆ ಸೋಮವಾರ ಇನ್ನೂರಾ ಹದಿನಾಲ್ಕನೆಯ ಗೋಡೆ ಸೌಮ್ಯವಾಗಲಿಲ್ಲ.

"ಮೇಡಂ, ಇಲ್ಲಿ ನೋಡ್ರಿ," ಎಂದರು ಕೊಠಡಿಯ ಎಂಜಿನಿಯರ್ ಮನೋಹರ ಕುಲಗೋಡ. ಒಳ್ಳೆಯ ಮನುಷ್ಯ, ಚಹಾದಲ್ಲಿ ಬಿಸ್ಕತ್ತು ಅದ್ದಿ ಅದು ಕಳಚಿ ಬೀಳುವ ತನಕ ಪರದೆಯನ್ನೇ ನೋಡುತ್ತ ಕೂರುವ ಸ್ವಭಾವ. "ಹಚ್ಚಿ ನಾಲ್ಕ ತಾಸಾತು. ಇನ್ನೂ ಕೆಂಪಗs ಐತಿ. ಮೂರು ಸಲ ಕರೆಂಟ್ ಕೊಟ್ಟೆ, ಮಿಸುಕವಲ್ದು."

ನಾನು ನೋಡಿದೆ. ಉಳಿದ ಗೋಡೆಗಳೆಲ್ಲ ಬೂದು. ಅದೊಂದರಲ್ಲಿ ಮಾತ್ರ ದೊಡ್ಡ ಕೆಂಪು ತೇಪೆ ಉರಿಯುತ್ತಿತ್ತು. ಕೆಳಗೆ ಹೆಸರಿತ್ತು: ರೆಕ್ಕೆ ಘಟಕ ಕಾರ್ಮಿಕರ ದೂರು.

"ನಾಳೆ ಹೋಗಿ ಸ್ಯಾಂಪಲ್ ಕೆರಕೊಂಡು ಬರ್ರಿ. ಅಂಟು, ಕಾಗದ, ಎಲ್ಲಾದ್ರಾಗೂ ನೀವು ಪಳಗಿದವ್ರು," ಎಂದರು ಕುಲಗೋಡ. ಆಗಲಿ ಎಂದೆ. ನನ್ನ ತಮ್ಮ ಆ ಘಟಕದಲ್ಲಿದ್ದವನು ಎಂದು ಕೊಠಡಿಯಲ್ಲಿ ನಾನು ಯಾರಿಗೂ ಹೇಳಿರಲಿಲ್ಲ.

ಸಂಜೆ ಮನೆಗೆ ಬಂದಾಗ ತಮ್ಮ ಗುದ್ಲೆಪ್ಪ ಕಿಟಕಿಯ ಪಕ್ಕದ ಮಂಚದ ಮೇಲೆ ಎರಡು ದಿಂಬಿಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಸಾಲದು. ಮೂಗಿಗೆ ಕೊಳವೆ, ಕೊಳವೆಯ ಇನ್ನೊಂದು ತುದಿಗೆ ಆಮ್ಲಜನಕದ ಯಂತ್ರ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಯಂತ್ರದ ಹಸಿರು ದೀಪ ಉರಿಯುತ್ತಿದೆಯೇ ಎಂದು ನೋಡುವುದು, ಉರಿಯುತ್ತಿದ್ದರೆ ಒಳಗೆ ಹೋಗಿ ಹಿಟ್ಟು ನಾದುವುದು, ಇದು ನನ್ನ ರೂಢಿ.

ಕಪ್ಪತಗುಡ್ಡದ ಮೇಲೆ ತಿರುಗುತ್ತಿದ್ದ ಗಾಳಿಯಂತ್ರಗಳಿಗೆ ವಯಸ್ಸಾಗಿ, ಅವುಗಳ ರೆಕ್ಕೆಗಳನ್ನು ಉದ್ದುದ್ದ ಲಾರಿಗಳಲ್ಲಿ ಇಳಿಸಿ ತಂದು ಕೊಯ್ಯುವ ಘಟಕ ಅದು. ರೆಕ್ಕೆಯೆಂದರೆ ಗಾಜಿನ ಎಳೆ ಮತ್ತು ಅಂಟು. ಗರಗಸ ಹಾಕಿದರೆ ಬಿಳಿ ಪುಡಿ ಏಳುತ್ತದೆ. ಗುದ್ಲೆಪ್ಪ ಐದು ವರ್ಷ ಆ ಪುಡಿಯಲ್ಲಿ ನಿಂತು ಕೊಯ್ದ. ಈಗ ಅವನಿಗೆ ಮೂವತ್ತನಾಲ್ಕು. ಅವನ ಜೊತೆಯವರು ಏಳು ಜನ ತೀರಿಹೋಗಿದ್ದಾರೆ. ಪುಪ್ಪುಸವನ್ನು ಉಪ್ಪುನೀರಿನಿಂದ ತೊಳೆಯುವ ಒಂದು ಚಿಕಿತ್ಸೆ ಬೆಂಗಳೂರಿನಲ್ಲಿದೆ, ಮಾಡಿಸಿದರೆ ಬದುಕುತ್ತಾನೆ ಎಂದು ಡಾಕ್ಟರು ಹೇಳಿದ್ದರು. ಅದನ್ನು ಘಟಕದವರು ಮಾಡಿಸಿಕೊಡಬೇಕಾದರೆ ರೋಗ ಪುಡಿಯಿಂದ ಬಂದದ್ದು ಎಂದು ತನಿಖೆಯಲ್ಲಿ ಸಾಬೀತಾಗಬೇಕು. ಘಟಕದವರು ಬೀಡಿಯಿಂದ ಬಂದದ್ದು ಎನ್ನುತ್ತಾರೆ. ನನ್ನ ತಮ್ಮ ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ.

ತನಿಖೆ ಬೇಕಾದರೆ ಒಂದು ಕಾಯ್ದೆಯಿದೆ. ದೂರು ಕೊಟ್ಟವರು ಪೋಸ್ಟರ್ ಹಚ್ಚಬೇಕು. ಮೂವತ್ತು ದಿನದೊಳಗೆ ಐದು ಸಾವಿರ ಜನ ಅದನ್ನು ನಿಂತು ನೋಡಿದ್ದಾರೆ ಎಂದು ಗೋಡೆಗಳು ಹೇಳಿದರೆ ತನಿಖೆ, ಇಲ್ಲದಿದ್ದರೆ ಕಡತ ಮುಚ್ಚಿತು. ಕಾಯ್ದೆ ಬಂದ ದಿನ ಕಾರ್ಮಿಕರ ಸಂಘದವರು ಪಟಾಕಿ ಹಚ್ಚಿದ್ದರು. ಕಣ್ಣು ಎಣಿಸುವ ಗೋಡೆಯೇ ಕಣ್ಣು ನಿಲ್ಲದಂತೆಯೂ ಮಾಡುತ್ತದೆ ಎಂಬುದು ಅವರಿಗೆ ಆಮೇಲೆ ತಿಳಿಯಿತು.

"ಇವತ್ತ ಎಷ್ಟಾತು ಯಕ್ಕಾ?" ಎಂದು ಕೇಳಿದ ಗುದ್ಲೆಪ್ಪ.

"ಮುನ್ನೂರಾ ಎಂಟು."

"ಇನ್ನ ಹನ್ನೆರಡ ದಿನ ಉಳದಾವು."

"ಹೂಂ. ಇನ್ನೊಂದು ರೊಟ್ಟಿ ಹಾಕಲೇನು?"

"ಬ್ಯಾಡ. ಅರ್ಧಾ ಸಾಕು."

ಯಾಕೆ ಏರುತ್ತಿಲ್ಲ ಎಂದು ಅವನು ಕೇಳಲಿಲ್ಲ. ಅವನಿಗೂ ಗೊತ್ತು, ನನಗೂ ಗೊತ್ತು. ಅರ್ಧ ರೊಟ್ಟಿ ಮುರಿದು ತಟ್ಟೆಯಲ್ಲಿಟ್ಟೆ. ಟಿವಿಯಲ್ಲಿ ಧಾರಾವಾಹಿ ಬಂತು, ಇಬ್ಬರೂ ಅದನ್ನು ನೋಡುತ್ತ ಕೂತೆವು. ನನಗೆ ದುಃಖವಾಗಬೇಕಿತ್ತು. ಏನೂ ಆಗಲಿಲ್ಲ. ಎಷ್ಟೋ ದಿನದಿಂದ ಹಾಗೇ ಇತ್ತು.

ಮರುದಿನ ಹನ್ನೊಂದಕ್ಕೆ ಸ್ಯಾಂಪಲ್ ಬಾಟಲಿ, ಕೆರೆಯುವ ಬ್ಲೇಡು ಹಿಡಿದು ಹೋದೆ. ಇನ್ನೂರಾ ಹದಿನಾಲ್ಕೆಂದರೆ ಬೆಟಗೇರಿಯ ಹಳೆಯ ನೂಲಿನ ಗೋದಾಮಿನ ಗೋಡೆ. ನಾನು ದಿನಾ ಎರಡು ಸಲ ಅದರ ಮುಂದೆಯೇ ಹಾಯುತ್ತೇನೆ. ಪೋಸ್ಟರ್ ನಿಜಕ್ಕೂ ಉರಿಯುತ್ತಿತ್ತು. ಆರು ವರ್ಷದಲ್ಲಿ ಅಂಥ ಕೆಂಪನ್ನು ಬೀದಿಯಲ್ಲಿ ನಾನು ಕಂಡಿರಲಿಲ್ಲ. ಒಂದು ಗಂಡಸಿನ ಮುಖ, ಕೆಳಗೆ ದಪ್ಪ ಅಕ್ಷರದಲ್ಲಿ "ರೆಕ್ಕೆ ಕೊಯ್ದೆವು, ಗಾಜು ನುಂಗಿದೆವು".

ಹಳೆಯ ಕೈ, ಸುಮ್ಮನಿರುತ್ತದೆಯೇ. ಮೊದಲು ನಾಲ್ಕೂ ಮೂಲೆ ನೋಡಿದೆ. ಮೂರು ಬಣ್ಣ ಮೂರು ಸಲ ಎಳೆಯುವಾಗ ಒಂದರ ಮೇಲೊಂದು ಸರಿಯಾಗಿ ಕೂರಲಿ ಎಂದು ಮೂಲೆಯಲ್ಲಿ ಗುರುತು ಹಾಕಿರುತ್ತೇವೆ. ಕೆಂಪು ಅರ್ಧ ನೂಲಿನಷ್ಟು ಎಡಕ್ಕೆ ಸರಿದಿತ್ತು. ಅಕ್ಷರದ ಅಂಚು ಚೂಪಾಗಿತ್ತು, ಅಚ್ಚನ್ನು ಕೈಯಲ್ಲೇ ಕೊರೆದದ್ದು. ಇಷ್ಟು ಕೊರೆಯುವ ಕೈ ಈ ಊರಲ್ಲಿ ಒಂದೇ. ಕೆಳಗಿನ ಅಂಚಿನಲ್ಲಿ ಅಂಟು ಒಸರಿ ಒಣಗಿದ್ದು ಕಂಡಿತು. ಬಿಳಿಯಾಗಿರಬೇಕಿತ್ತು, ತೆಳು ನೀಲಿಯಾಗಿತ್ತು. ಬೆರಳಲ್ಲಿ ಉಜ್ಜಿ ಬೆಳಕಿಗೆ ಹಿಡಿದು ನೋಡಿದೆ. ಮೈಲುತುತ್ತ!

ಎಲ್ಲ ತಿಳಿಯಿತು. ಈಗಿನವರೆಲ್ಲ ಅಂಗಡಿಯ ಡಬ್ಬಿ ಅಂಟು ಬಳಸುತ್ತಾರೆ. ಮಾಬೂಸಾಬರು ಮಾತ್ರ ಇವತ್ತಿಗೂ ಮೈದಾ ಹಿಟ್ಟು ಕುದಿಸುತ್ತಾರೆ, ದನ ತಿನ್ನದಿರಲಿ, ಹುಳ ಹತ್ತದಿರಲಿ ಎಂದು ಅದಕ್ಕೆ ಒಂದು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ತಾಮ್ರದ ಉಪ್ಪು. ಲೇಪದ ಕಣಗಳು ಅಂಟಿನ ನೀರಿನಲ್ಲಿ ಮೇಲೇರುವಾಗ ತಾಮ್ರ ತಾಗಿದರೆ ಒಂದಕ್ಕೊಂದು ಅಂಟಿಕೊಂಡು ಗಂಟು ಕಟ್ಟಿ ಅಲ್ಲೇ ಕೂತುಬಿಡುತ್ತವೆ. ಲೇಪ ಕಂಡುಹಿಡಿದ ದೊಡ್ಡ ತಲೆಗಳಿಗೆ ಎಲ್ಲ ಗೊತ್ತಿತ್ತು, ನಮ್ಮ ಬೀದಿಯ ದನಗಳು ಪೋಸ್ಟರ್ ತಿನ್ನುತ್ತವೆ ಎನ್ನುವುದು ಗೊತ್ತಿರಲಿಲ್ಲ.

ಪಕ್ಕದಲ್ಲಿದ್ದ ಟ್ಯೂಷನ್ ಕ್ಲಾಸಿನ ಪೋಸ್ಟರಿನಿಂದ ಒಂದಿಷ್ಟು ಕೆರೆದು ಬಾಟಲಿಗೆ ತುಂಬಿದೆ. ಆ ಹೊತ್ತಿನಲ್ಲಿ ನಾನು ಧೈರ್ಯ ಮಾಡಿದೆ ಎಂದೇನೂ ಅನ್ನಿಸಲಿಲ್ಲ. ಕೈ ಅತ್ತ ಹೋಯಿತು, ಅಷ್ಟೇ.

ಅಲ್ಲಿಂದ ನೇರ ಮಾಬೂಸಾಬರ ಅಂಗಡಿಗೆ ಹೋದೆ. ಆರು ವರ್ಷದ ಮೇಲೆ. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹಗ್ಗದ ಮೇಲೆ ಒಣಹಾಕಿದ ಪೋಸ್ಟರುಗಳು ಬೆನ್ನು ತೋರಿಸಿ ತೂಗುತ್ತಿದ್ದವು. ಮಾಬೂಸಾಬರು ಸ್ಟೂಲಿನ ಮೇಲೆ ಕೂತು ರಬ್ಬರ್ ಪಟ್ಟಿ ಒರೆಸುತ್ತಿದ್ದರು.

"ಬಾ ಲೀಲವ್ವ," ಎಂದರು, ನಿನ್ನೆ ತಾನೇ ಹೋದವಳು ಬಂದಳೇನೋ ಎನ್ನುವ ಹಾಗೆ. ನನ್ನ ಹೆಸರು ಶಿವಲೀಲಾ, ಅವರ ಬಾಯಲ್ಲಿ ಮೊದಲಿನಿಂದಲೂ ಲೀಲವ್ವ. "ಚಾ ಕುಡೀತಿ?"

"ಬ್ಯಾಡ ಮಾಬುಣ್ಣ. ಗೋದಾಮಿನ ಗ್ವಾಡಿ ಮ್ಯಾಲಿಂದು ನೋಡಿ ಬಂದೆ."

ಅವರ ಕೈ ನಿಂತಿತು. "ನೋಡಿದಿ?"

"ನೋಡಿದೆ."

"ಮಾರಿ ಹೆಂಗ ಬಂದೈತಿ?"

"ಕೆಂಪು ಅರ್ಧ ನೂಲು ಎಡಕ್ಕ ಸರದೈತಿ."

ಮಾಬೂಸಾಬರು ನನ್ನನ್ನೇ ನೋಡಿದರು. ಕೆಲಸದಲ್ಲಿ ತಪ್ಪು ಹಿಡಿದದ್ದಕ್ಕೆ ಬೇಜಾರಾಯಿತೇನೋ ಎಂದುಕೊಂಡೆ.

"ಅಷ್ಟs?" ಎಂದರು.

"ಅಷ್ಟs. ಉಳಿದದ್ದು ಚಲೋ ಐತಿ. ಮಾಬುಣ್ಣ, ಅಂಟಿಗೆ ಮೈಲುತುತ್ತ ಹಾಕೀರಿ?"

"ಯಾವಾಗ ಹಾಕಿಲ್ಲ? ಆ ಮಾರ್ಕೆಟ್ಟಿನ ಬಿಳೇ ಆಕಳ ಐತೆಲ್ಲ, ಎರಡ ದಿನದಾಗ ಹೋರಾಟನೆಲ್ಲಾ ಮೇಯ್ದು ಮಲಗಿಬಿಡತೈತಿ."

"ಮದಲಿನವು ಯಾಕ ಮಂಕಾದುವು?"

"ಅವು ಸಂಘದ ಹುಡುಗ್ರು ಡಬ್ಬಿ ಅಂಟು ಹಚ್ಚಿದ್ದು. ಇದೊಂದು ನಾನs ಹೋಗಿ ಹಚ್ಚಿದೆ."

ತಾಮ್ರ ಲೇಪವನ್ನು ಕೆಡಿಸುವ ಸಂಗತಿ ಅವರಿಗೆ ಗೊತ್ತಿರಲಿಲ್ಲ. ನಾನು ವಿವರಿಸಲೂ ಇಲ್ಲ. "ಇನ್ನ ಮುಂದ ಎಲ್ಲಾ ಗ್ವಾಡಿಗೂ ನಿಮ್ಮ ಅಂಟs ಹಚ್ಚಿಸ್ರಿ. ಮೈಲುತುತ್ತ ಒಂದು ಮುಷ್ಟಿ ಜಾಸ್ತಿನs ಹಾಕ್ರಿ. ಯಾಕಂತ ಕೇಳಬ್ಯಾಡ್ರಿ," ಎಂದೆ. ಅವರು ಕೇಳಲಿಲ್ಲ. ನಾನು ಎಲ್ಲಿ ಕೆಲಸ ಮಾಡುತ್ತೇನೆ ಎಂಬುದು ಅವರಿಗೆ ಗೊತ್ತಿತ್ತಲ್ಲ. ಹೊರಡುವಾಗ ಮಾತ್ರ, "ತಮ್ಮ ಹೆಂಗದಾನ?" ಎಂದರು. ಹಾಗೇ ಇದ್ದಾನೆ ಎಂದೆ.

ಕುಲಗೋಡರಿಗೆ ವರದಿ ಬರೆದುಕೊಟ್ಟೆ: ಗೋದಾಮಿನ ಗೋಡೆ ಹಳೆಯ ಸುಣ್ಣದ್ದು, ತೇವ ಹೆಚ್ಚು, ಲೇಪ ಹಿಡಿದಿಲ್ಲ. ಅವರು ಸಹಿ ಹಾಕಿದರು. ಗುರುವಾರದ ಹೊತ್ತಿಗೆ ನಮ್ಮ ಫಲಕದ ಮೇಲೆ ಹನ್ನೆರಡು ಕೆಂಪು ತೇಪೆಗಳಿದ್ದವು. ಶುಕ್ರವಾರ ಮೂವತ್ತು. ಶನಿವಾರ ಅರವತ್ತೆರಡು. ಬಸ್ ನಿಲ್ದಾಣ, ಹಾತಲಗೇರಿ ನಾಕಾ, ರೈಲ್ವೆ ಗೇಟು, ಮುಳಗುಂದ ನಾಕಾ, ಎಲ್ಲ ಕಡೆ. ಸಂಘದವರು ಬಕೆಟ್ಟಿನಲ್ಲಿ ಮೈದಾ ಅಂಟು ಹೊತ್ತು ಊರೆಲ್ಲ ತಿರುಗಿದ್ದರು.

"ಎಲ್ಲಾ ಗ್ವಾಡಿಗೂ ಒಮ್ಮೆಲೇ ತೇವ ಹೆಂಗ ಬರ್ತೈತ್ರಿ ಮೇಡಂ?" ಎಂದು ಕುಲಗೋಡರು ಬೆವರು ಒರೆಸಿಕೊಂಡರು. ಗೊತ್ತಿಲ್ಲ ಎಂದೆ. ಅವರು ಬೆಂಗಳೂರಿನ ಮುಖ್ಯ ಕಚೇರಿಗೆ ಫೋನ್ ಹಚ್ಚಿದರು. ಅವರ ಕೆಲಸ ಹೋಗುವ ಭಯ ಅವರಿಗಿತ್ತು. ನಾನು ಸಿಕ್ಕಿಬಿದ್ದರೆ ಬರೀ ಕೆಲಸ ಹೋಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಆ ಸಂಜೆ ಗುದ್ಲೆಪ್ಪನಿಗೆ ಹೇಳಿದೆ, ಈಗ ಏರುತ್ತದೆ ನೋಡು. ಅವನು ತಲೆಯಾಡಿಸಿದ. ಆ ದಿನಗಳಲ್ಲಿ ಅವನು ಮಾತು ಕಡಿಮೆ ಮಾಡಿದ್ದ, ಉಸಿರು ಉಳಿಸಲು ಎಂದು ನಾನು ತಿಳಿದಿದ್ದೆ. ಹಸಿರು ದೀಪ ಉರಿಯುತ್ತಿತ್ತು. ರೊಟ್ಟಿ ಬಡಿದೆ, ಬದನೆಕಾಯಿ ಪಲ್ಲೆ ಮಾಡಿದೆ.

ಭಾನುವಾರ ಬೆಳಿಗ್ಗೆ ತಡೆಯಲಾರದೆ ಗೋದಾಮಿನ ಬಳಿ ಹೋದೆ. ಪೋಸ್ಟರಿಗೆ ಬೆನ್ನು ಹಚ್ಚಿ ನಿಂತು, ಬರುವವರ ಕಣ್ಣುಗಳನ್ನೇ ನೋಡಿದೆ. ಸಂತೆಯ ಹೊತ್ತು, ಜನವೋ ಜನ. ಒಬ್ಬಳು ತರಕಾರಿ ಚೀಲವನ್ನು ಪೋಸ್ಟರಿಗೆ ಒರಗಿಸಿಟ್ಟು ಸೆರಗು ಸರಿಮಾಡಿಕೊಂಡು ಹೋದಳು. ಒಬ್ಬ ಅದರ ಕೆಳಗೇ ಸ್ಕೂಟರ್ ನಿಲ್ಲಿಸಿದ, ಸ್ಟ್ಯಾಂಡ್ ನೋಡಿದ, ಬೀಗ ನೋಡಿದ, ಫೋನ್ ನೋಡಿದ. ಘಟಕದಲ್ಲೇ ಕೆಲಸ ಮಾಡುವವನೊಬ್ಬ, ಅಂಗಿಯ ಮೇಲೆ ಬಿಳಿ ಪುಡಿ ಹಾಗೇ ಇತ್ತು, ಕೆಮ್ಮುತ್ತ ಬಂದು ಗೋಡೆಗೆ ಕೈ ಕೊಟ್ಟು ದಣಿವಾರಿಸಿಕೊಂಡು ಕೆಮ್ಮುತ್ತಲೇ ಹೋದ. ಕೈ ಇಟ್ಟದ್ದು ಪೋಸ್ಟರಿನ ಮೇಲೆ. ಯಾರೂ ಮುಖ ತಿರುಗಿಸಿ ಹೋಗಲಿಲ್ಲ, ತಿರುಗಿಸಬೇಕಾದರೆ ಮೊದಲು ಕಾಣಬೇಕಲ್ಲ. ಮುಕ್ಕಾಲು ತಾಸು ನಿಂತೆ. ಒಂದು ಮಗು ಮಾತ್ರ ಅಮ್ಮನ ಹೆಗಲ ಮೇಲಿಂದ ನನ್ನ ತಲೆಯಾಚೆಗೆ ಕಣ್ಣರಳಿಸಿ ನೋಡಿತು. ಮೂರು ವರ್ಷದ ಕೆಳಗಿನವರ ಕಣ್ಣು ಲೆಕ್ಕಕ್ಕೆ ಬರುವುದಿಲ್ಲ.

ಸೋಮವಾರ ಕೊಠಡಿಗೆ ಹೋದಾಗ ಕುಲಗೋಡರ ಮುಖ ಅರಳಿತ್ತು. ಅರವತ್ತೆರಡು ಗೋಡೆಗಳು ಸೇರಿದ ಮೇಲೂ ದೂರಿನ ಒಟ್ಟು ಲೆಕ್ಕ ಮುನ್ನೂರಾ ನಲವತ್ತೊಂದು. ಒಂದು ವಾರದಲ್ಲಿ ಮೂವತ್ಮೂರು ಕಣ್ಣು.

"ಹೆಡ್ಡಾಫೀಸಿನವ್ರು ಏನಂದ್ರು ಗೊತ್ತೇನ್ರಿ? ಲೇಪ ಕೆಟ್ರ ಕೆಡ್ಲಿ ಬಿಡ್ರಿ, ರಿಪೇರಿ ಮಾಡಾಕ ಹೋಗಬ್ಯಾಡ್ರಿ ಅಂದ್ರು. ಆರು ವರ್ಷದಾಗ ಮಂದಿಗೆ ಗ್ವಾಡಿ ನೋಡೂ ಚಟಾನs ಹೋಗೈತಂತ. ಬ್ಯಾರೆ ಊರಾಗೂ ಹಿಂಗs ಆಗೈತಂತ. ಮುಂದಿನ ವರ್ಷ ಲೇಪದ ಖರ್ಚs ಉಳೀತೈತಿ ಅಂತ ಖುಷಿ ಅದಾರ ಅವ್ರು." ಬಿಸ್ಕತ್ತು ಚಹಾದಲ್ಲಿ ಅದ್ದಿದರು. "ಸುಮ್ಮನ ಹೆದರಿದ್ವಿ ನೋಡ್ರಿ."

ನಾನು ನನ್ನ ಕುರ್ಚಿಯಲ್ಲಿ ಕೂತೆ. ಮುಂದೆ ಅರವತ್ತೆರಡು ಕೆಂಪು ತೇಪೆಗಳು, ಆ ಹೊತ್ತಿನಲ್ಲಿ ಒಂದರ ಮೇಲೂ ಕಣ್ಣಿನ ಗುರುತಿಲ್ಲ. ಅಳು ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಊಟದ ಹೊತ್ತಿಗೆ ಡಬ್ಬಿ ತೆರೆದು ಉಂಡೆ. ನೂರಿಪ್ಪತ್ತನೆಯ ಗೋಡೆಯಲ್ಲಿ ಚಿನ್ನದಂಗಡಿಯ ಜಾಹೀರಾತೊಂದು ಸ್ವಲ್ಪ ಹೆಚ್ಚು ಹೊಳೆಯುತ್ತಿತ್ತು, ಅದನ್ನು ಇಳಿಸಿದೆ.

ಉಳಿದ ಐದು ದಿನ ಹಾಗೇ ಕಳೆದವು. ಮನೆಗೆ ಹೋದರೆ ಗುದ್ಲೆಪ್ಪ ಕೇಳುವುದನ್ನು ಬಿಟ್ಟಿದ್ದ, ನಾನು ಹೇಳುವುದನ್ನು ಬಿಟ್ಟಿದ್ದೆ. ಮೂವತ್ತನೆಯ ದಿನ ಶನಿವಾರ. ಮಧ್ಯಾಹ್ನ ಮೂರಕ್ಕೆ ಗಡುವು ಮುಗಿಯಿತು. ಮುನ್ನೂರಾ ಎಪ್ಪತ್ತೇಳು. ಪರದೆಯ ಮೇಲೆ ಕಡತ ತಾನಾಗಿ ಮುಚ್ಚಿತು.

ಕಡತ ಮುಚ್ಚಿದ ಮೇಲೆ ವಿಷಯ ನೋಡಬಹುದು. ದಾಖಲೆಗೆ ಸೇರಿಸುವ ಮೊದಲು ಅತಿ ಹೆಚ್ಚು ಹೊತ್ತು ನಿಂತ ನೋಟವೊಂದನ್ನು ತೆರೆದು, ಎಣಿಕೆ ಸರಿಯಿದೆಯೇ ಎಂದು ಪರೀಕ್ಷಿಸಬೇಕೆಂಬ ಕ್ರಮವಿದೆ. ಕುಲಗೋಡರು ತೆರೆದರು.

"ಅಯ್ಯ, ಇದು ನೀವs ಅಲ್ರೀ!" ಎಂದು ನಕ್ಕರು. "ಎರಡನೂರಾ ಹದಿನಾಲ್ಕು, ಮಂಗಳವಾರ, ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ಸ್ಯಾಂಪಲ್ ತರಾಕ ಹೋದಾಗಿಂದು. ಸಿಬ್ಬಂದಿ ನೋಟ ಕಳೀಬೇಕ್ರಿ. ಮುನ್ನೂರಾ ಎಪ್ಪತ್ತಾರು ಅಂತ ಬರಕೊಳ್ರಿ."

ಬರೆದುಕೊಂಡೆ. ಅವರು ಪೋಸ್ಟರಿನ ಚಿತ್ರವನ್ನು ತೆರೆದು ಅದರ ಮೇಲೆ ನನ್ನ ಕಣ್ಣು ಓಡಾಡಿದ ಗೆರೆಯನ್ನು ಹಾಕಿದರು. ಹಳದಿ ಗೆರೆ. ನಾಲ್ಕು ಮೂಲೆಗೂ ಹೋಗಿತ್ತು. ಎಡ ಅಂಚಿನಲ್ಲಿ ಮೇಲೆ ಕೆಳಗೆ ಏಳೆಂಟು ಸಲ. ಅಕ್ಷರಗಳ ತುದಿಯಲ್ಲಿ. ಕೆಳಗೆ ಅಂಟು ಒಸರಿದ ಕಡೆ ಗೆರೆ ಗೋಜಲಾಗಿ ಗಂಟು ಬಿದ್ದಿತ್ತು. ನಡುವೆ ಖಾಲಿ.

ಆ ಖಾಲಿಯಲ್ಲಿ ನನ್ನ ತಮ್ಮನಿದ್ದ.

ಗುದ್ಲೆಪ್ಪ. ಮೂಗಿನ ಕೊಳವೆ ಕೂಡ ಇತ್ತು. ನಮ್ಮ ಮನೆಯ ಕಿಟಕಿಯ ಸರಳು ಹಿಂದೆ ಕಾಣುತ್ತಿತ್ತು. ನಾನು ಕೆಲಸಕ್ಕೆ ಬಂದಾಗ ಸಂಘದವರು ಮನೆಗೆ ಹೋಗಿ ಫೋಟೋ ತೆಗೆದಿರಬೇಕು. ಮಾಬೂಸಾಬರು ಕಣ್ಣುಗಳನ್ನು ಎಷ್ಟು ಚೆನ್ನಾಗಿ ಕೊರೆದಿದ್ದರೆಂದರೆ, ಎದುರಿಗೆ ನಿಂತವರನ್ನು ಅವು ನೇರ ನೋಡುತ್ತಿದ್ದವು. ಎದುರಿಗೆ ನಾಲ್ಕು ನಿಮಿಷ ಹನ್ನೆರಡು ಸೆಕೆಂಡು ನಾನೇ ನಿಂತಿದ್ದೆ.

"ನಿಮ್ಮ ಕಣ್ಣು ಎಲ್ಲೆಲ್ಲಿ ಓಡ್ಯಾಡ್ಯಾವ ನೋಡ್ರಿ," ಎಂದರು ಕುಲಗೋಡರು. "ಪಕ್ಕಾ ಪ್ರಿಂಟಿಂಗಿನವ್ರು ನೀವು."

"ಹೌದ್ರಿ. ಕೆಂಪು ಸರದಿತ್ತು," ಎಂದೆ.

ಆಗ ನನಗೆ ಹೆದರಿಕೆಯಾಯಿತು. ಸಿಕ್ಕಿಬೀಳುವ ಹೆದರಿಕೆಯಲ್ಲ. ಅಂಥ ಹೆದರಿಕೆ ಆರು ವರ್ಷದಲ್ಲಿ ಮೊದಲ ಸಲ. ತಲೆನೋವು ಎಂದು ಹೇಳಿ ನಾಲ್ಕಕ್ಕೇ ಎದ್ದೆ. ದಾರಿಯಲ್ಲಿ ಯಾವ ಗೋಡೆಯ ಮುಂದೆಯೂ ನಿಲ್ಲಲಿಲ್ಲ, ಓಡಿದ ಹಾಗೆ ನಡೆದೆ.

ಗುದ್ಲೆಪ್ಪ ದಿಂಬಿಗೆ ಒರಗಿ ಕಣ್ಣು ಮುಚ್ಚಿದ್ದ. ಚಪ್ಪಲಿ ಸದ್ದಿಗೆ ಕಣ್ಣು ತೆರೆದ.

"ಯಾಕ ಯಕ್ಕಾ, ಲಗೂನ ಬಂದಿ?"

"ಮುಗೀತೋ ಗುದ್ಲಾ. ಮುನ್ನೂರಾ ಎಪ್ಪತ್ತಾರು."

"ಹೋಗ್ಲಿ ಬಿಡು," ಎಂದ. ಮೂರು ಉಸಿರಿನಲ್ಲಿ ಹೇಳಿದ.

"ಆ ಪೋಸ್ಟರಿನಾಗ ನೀ ಇದ್ದಿ."

"ಹೂಂ. ನೀ ನೋಡಿದಿ ಅಂತ ಮಾಬುಣ್ಣ ಫೋನ್ ಮಾಡಿ ಹೇಳಿದ್ದ."

"ನೋಡಲಿಲ್ಲೋ. ಮುಂದs ನಿಂತಿದ್ದೆ. ನಾಲ್ಕು ನಿಮಿಷ ನಿಂತಿದ್ದೆ. ನಿನ್ನ ನೋಡಲಿಲ್ಲ."

ಅವನು ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ. ಕಿಟಕಿಯತ್ತ ತಿರುಗಿದ. ನಾನು ಸ್ಟೂಲು ಎಳೆದುಕೊಂಡು ಮಂಚದ ಪಕ್ಕಕ್ಕೇ ಕೂತೆ.

"ಈ ಕಡೆ ತಿರುಗು," ಎಂದೆ. "ನಿನ್ನ ಮಾರಿ ನೋಡಬೇಕು."

ತಿರುಗಿದ. ನನ್ನ ಕಣ್ಣು ಮೊದಲು ಅವನ ಕಿವಿಗೆ ಹೋಯಿತು. ಅಲ್ಲಿಂದ ದಿಂಬಿನ ಹೊಲಿಗೆಗೆ, ಹೊಲಿಗೆಯಿಂದ ಕೊಳವೆಗೆ, ಕೊಳವೆಯ ಉದ್ದಕ್ಕೂ ಇಳಿದು ಯಂತ್ರಕ್ಕೆ. ಹಿಡಿದು ಎಳೆದು ತಂದೆ. ಮತ್ತೆ ಜಾರಿತು. ಮತ್ತೆ ತಂದೆ. ಇಷ್ಟು ಸಣ್ಣ ಕೆಲಸಕ್ಕೆ ನನ್ನ ಮೈ ಬೆವರಿತು. ನಿಧಾನಕ್ಕೆ ಅವನು ಕಾಣತೊಡಗಿದ. ಕೆನ್ನೆ ಒಳಗೆ ಹೋಗಿತ್ತು. ಗಡ್ಡದಲ್ಲಿ ಬಿಳಿ ಬಂದಿತ್ತು. ಹುಬ್ಬಿನ ನಡುವೆ, ಅಪ್ಪನಿಗೆ ಕೊನೆಯಲ್ಲಿ ಬಿದ್ದಿದ್ದಂಥ ಗೆರೆ ಬಿದ್ದಿತ್ತು. ಕಣ್ಣಿನ ಕೆಳಗೆ ಕಪ್ಪು. ಆಮೇಲೆ ತುಟಿ.

"ಗುದ್ಲಾ, ನಿನ್ನ ತುಟಿ ನೀಲಿ ಆಗ್ಯಾವಲ್ಲೋ!" ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವನ ಕೈ ಎಳೆದು ನೋಡಿದೆ. ಉಗುರುಗಳೂ ನೀಲಿ, ಹತ್ತೂ. "ಯಾವಾಗಿಂದೋ ಇದು?"

"ಎಂಟ ದಿನ ಆತಲ್ಲ ಯಕ್ಕಾ," ಎಂದ ಅವನು, ನನಗೆ ಆಶ್ಚರ್ಯವಾದದ್ದಕ್ಕೆ ಅವನಿಗೇ ಆಶ್ಚರ್ಯ. "ದಿನಾ ಎದುರಿಗೆ ಕುಂತು ರೊಟ್ಟಿ ಹಾಕತಿದ್ದಿ. ನೀ ನೋಡಿದಿ ಅಂತ ತಿಳಕೊಂಡು ಸುಮ್ಮನಿದ್ದೆ."